ಅತ್ತೆಯ ಪೇಟಿ, ಒಂದು ತಂಬಿಗೆ ನೀರು

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಅತ್ತೆಯ ದನಿ ನಡುಗಲು ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ದೊಡ್ಡ ಕಾರಣವೇನಿಲ್ಲ. ಗಜೇಂದ್ರಗಡಕ್ಕೆ ವಾಪಸ್ಸು ಹೋಗುವ ಬಸ್ಸು ಆರಕ್ಕಿತ್ತು. ಭಜನೆಯ ಕೊನೆಯ ಪದ ಯಾವಾಗ ಮುಗಿದೀತು ಎಂದು ನಾನು ಆಗಷ್ಟೇ ಮೊಬೈಲು ತೆಗೆದು ನೋಡಿದ್ದೆ. ಅದನ್ನು ತಿರುಗಿ ಚೀಲಕ್ಕೆ ಹಾಕುವಷ್ಟರಲ್ಲಿ ಆ ದನಿ ಕೇಳಿತು. ಅದಾದ ಮೇಲಿನ ಯಾವುದಕ್ಕೂ ನನ್ನ ಬಳಿ ಗಡಿಯಾರವಿಲ್ಲ.

ಮೊದಲು ಅನಿಸಿದ್ದನ್ನು ಮೊದಲೇ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಚೆನ್ನಾಗಿದೆ ಅನಿಸಿತು. ಅತ್ತೆಯದು ನೆಟ್ಟಗೆ ಹೋಗುವ ದನಿ, ಮಗ್ಗಕ್ಕೆ ಎಳೆದು ಕಟ್ಟಿದ ನೂಲಿನ ಹಾಗೆ. ಬಾಗುತ್ತಿತ್ತು, ಏರುತ್ತಿತ್ತು, ಆದರೆ ನಡುಗುತ್ತಿರಲಿಲ್ಲ. ಅಂದು ಪದದ ಕೊನೆಯ ಸಾಲಿನಲ್ಲಿ ಮೇಲೆ ಹೋಗಿ ನಿಂತ ದನಿ ಸಣ್ಣಗೆ, ಒಂದೇ ಸಮ ನಡುಗತೊಡಗಿತು. ಕೈಯಲ್ಲಿ ತಾಳ ಹಿಡಿದು ಅವರ ಎಡಕ್ಕೆ ಸ್ವಲ್ಪ ಹಿಂದೆ ಕೂತಿದ್ದ ನನಗೆ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಇದನ್ನು ಎಲ್ಲಿ ಬಚ್ಚಿಟ್ಟಿದ್ದರು ಇವರು ಅಂದುಕೊಂಡೆ.

ಅವರಿಗೆ ಆಗ ಕರೆಂಟು ಹೊಡೆಯುತ್ತಿತ್ತು.

ನನ್ನ ತವರು ನರಗುಂದದ ಹತ್ತಿರದ ಚಿಕ್ಕನರಗುಂದ. ರೋಣದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ತವರಿನಲ್ಲಿ ಹಾಡುವವರು ಯಾರೂ ಇರಲಿಲ್ಲ. ಹಾಡು ಎಂದರೆ ನನಗೆ ಬಸ್ಸಿನ ಕಿಟಕಿ ಪಕ್ಕದ ಸೀಟು, ಕಿವಿಯಲ್ಲಿ ಇಯರ್‌ಫೋನು, ಹೊರಗೆ ಎರೆಹೊಲ. ಎಲ್ಲೋ ಯಾರೋ ಹಾಡಿದ್ದು ವೈರಿನೊಳಗಿಂದ ಬಂದು ನನಗೊಬ್ಬಳಿಗೇ ಕೇಳಿಸುವಂಥದ್ದು. ಪಕ್ಕದಲ್ಲಿ ಕೂತ ಮನುಷ್ಯರ ಹೊಟ್ಟೆಯೊಳಗಿಂದ ಅದು ಎದ್ದು ಬರುತ್ತದೆ, ಬರುವಾಗ ಅವರ ಕುತ್ತಿಗೆಯ ನರ ಉಬ್ಬುತ್ತದೆ, ಎಲೆಅಡಿಕೆಯ ವಾಸನೆಯೂ ಜೊತೆಗೇ ಬರುತ್ತದೆ ಎನ್ನುವುದು ಗಜೇಂದ್ರಗಡಕ್ಕೆ ಸೊಸೆಯಾಗಿ ಬರುವವರೆಗೆ ಗೊತ್ತಿರಲಿಲ್ಲ.

ನಮ್ಮದು ನೇಕಾರರ ಓಣಿ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಗ್ಗ ಇಲ್ಲ. ನನ್ನ ಗಂಡ ಬಸ್ ನಿಲ್ದಾಣದ ಎದುರಿನ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅತ್ತೆ ಓಣಿಯ ಮಗ್ಗದವರಿಗೆ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಗುನುಗು ಕೇಳಿತು. ಮಾತಿಲ್ಲ, ಬರೀ ರಾಗ. ರಾಟೆ ಜೋರಾದರೆ ಅದೂ ಏರುತ್ತಿತ್ತು. ನೂಲು ಹರಿದು ರಾಟೆ ನಿಂತರೆ ಅಲ್ಲೇ ನಿಲ್ಲುತ್ತಿತ್ತು. ಗಂಟು ಹಾಕಿ ಮತ್ತೆ ತಿರುಗಿಸಿದರೆ ನಿಂತ ಜಾಗದಿಂದಲೇ ಹೊರಡುತ್ತಿತ್ತು. ನಾನು ಕೈ ನಿಲ್ಲಿಸಿ ಕೇಳುತ್ತ ಕೂತೆ. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು.

“ಏನವಾ, ರೊಟ್ಟಿ ಸುಡಾಕತ್ತೀಯೋ, ಓಣಿ ಸುಡಾಕತ್ತೀಯೋ?” ಎಂದು ಅತ್ತೆ ಅಲ್ಲಿಂದಲೇ ಕೇಳಿದರು.

ಅವರಿಗೆ ಸುತ್ತಲಿನ ಸದ್ದುಗಳೆಲ್ಲ ಪರಿಚಯದವು. ಓಣಿಯ ತುದಿಯಲ್ಲಿರುವ ಹಿಟ್ಟಿನ ಗಿರಣಿ ಅವರ ಲೆಕ್ಕದಲ್ಲಿ ಕರಿ ಎರಡರ ಶ್ರುತಿಯಲ್ಲಿ ಹಾಡುತ್ತದೆ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ, ಬೆರಳಿನಿಂದ ಒತ್ತುವ ಪಟ್ಟಿ. ಜೋಳ ಸುರಿದರೆ ಒಂದು ಕೂದಲಿನಷ್ಟು ಇಳಿಯುತ್ತದೆ, ಗೋಧಿಗೆ ಇನ್ನೂ ಇಳಿಯುತ್ತದೆ. ನಾನು ನಂಬದೆ ಮೊಬೈಲಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು ಗಿರಣಿಯ ಮುಂದೆ ನಿಂತೆ. ಆ್ಯಪಿನ ಮುಳ್ಳು ಎಲ್ಲೂ ನಿಲ್ಲದೆ ಕುಣಿಯಿತು. ಗಿರಣಿಯವನು ಬಂದು, ಕರೆಂಟಿನ ಆಫೀಸಿನಿಂದ ಬಂದಿದ್ದೀರಾ ಎಂದು ಕೇಳಿದ. ಅತ್ತೆ ಸರಿಯೋ ಆ್ಯಪು ಸರಿಯೋ ಇವತ್ತಿಗೂ ನನಗೆ ತಿಳಿದಿಲ್ಲ.

ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಅದು ಹಳೆಯ ಸೀರೆಯೊಂದರಲ್ಲಿ ಸುತ್ತಿಕೊಂಡು ಪಡಸಾಲೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಓಣಿಯ ಹೆಂಗಸರು ನಮ್ಮಲ್ಲಿ ಭಜನೆಗೆ ಸೇರಿದಾಗ ಮಾತ್ರ ಹೊರಗೆ ಬರುತ್ತಿತ್ತು. ಅತ್ತೆ ಪೇಟಿ ನುಡಿಸುತ್ತ ಹಾಡುವವರು. ಎದುರು ಮನೆಯ ಹಿರಿಯ ಹೆಂಗಸು ಡಗ್ಗಾ ಎನ್ನುವ ಚರ್ಮವಾದ್ಯ ಬಾರಿಸುವವರು. ಅವರು ಓಣಿಗೆಲ್ಲ ದೊಡ್ಡವ್ವ. ತೂಕದ ಮೈ, ಬಾಯಿಯೂ ಹಾಗೇ. ಉಳಿದವರು ತಾಳ ಹಾಕಿ ದನಿ ಕೂಡಿಸುವವರು.

“ಅತ್ತಿ, ನನಗೂ ಕಲಸ್ತೀರೇನ್ರಿ?” ಎಂದು ಒಂದು ದಿನ ಕೇಳಿದೆ.

“ನಿಂಗ್ಯಾಕವಾ ಈ ಉಸಾಬರಿ? ನಿನ್ನ ಮೊಬೈಲಿನ್ಯಾಗ ಎಲ್ಲಾ ಬರ್ತೈತಲಾ.”

“ಅದರಾಗ ನನ್ನ ಬೆರಳ ಬರೂದಿಲ್ರಿ.”

ಅವರು ನನ್ನ ಬೆರಳು ಹಿಡಿದು ಬದನೆಕಾಯಿ ಆರಿಸುವ ಹಾಗೆ ತಿರುಗಿಸಿ ನೋಡಿದರು. “ಮೊದಲ ಗಾಳಿ ಹಾಕೂದ ಕಲಿ. ಬೆರಳ ಹಿಂದಿಂದ,” ಅಂದರು.

ಹೀಗೆ ನನ್ನ ಸಂಗೀತ ಪೇಟಿಯ ಹಿಂಬದಿಯಿಂದ ಶುರುವಾಯಿತು. ಹಿಂದೆ ಒಂದು ತಿದಿ ಇರುತ್ತದೆ. ಎಡಗೈಯಿಂದ ಅದನ್ನು ಒತ್ತಿ ಬಿಟ್ಟರೆ ಒಳಗೆ ಗಾಳಿ ತುಂಬುತ್ತದೆ, ಬಲಗೈ ಮನೆ ಒತ್ತಿದರೆ ಆ ಗಾಳಿ ದನಿಯಾಗುತ್ತದೆ. ಕೈ ನಿಂತರೆ ದನಿ ಕೂಡಲೇ ಸಾಯುವುದಿಲ್ಲ. ಒಳಗಿನ ಗಾಳಿ ಮುಗಿಯುವವರೆಗೆ ಇಳಿಯುತ್ತ ಇಳಿಯುತ್ತ ಹೋಗುತ್ತದೆ. ನಾನು ಒತ್ತಿದರೆ ದನಿ ಊದಿಕೊಳ್ಳುತ್ತಿತ್ತು, ಮತ್ತೆ ಸೊರಗುತ್ತಿತ್ತು.

“ಕೂಸಿನ ಬೆನ್ನ ತಟ್ಟಿದಂಗ ಒತ್ತಬೇಕ,” ಎಂದರು ಅತ್ತೆ. “ನೀ ಏನ ರೊಟ್ಟಿ ಬಡದಂಗ ಬಡೀತಿ.”

ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಕೇಳಿ, “ಏನಬೇ, ನಿಮ್ಮನಿ ಎಮ್ಮಿ ಈಯಾಕತ್ತೇತೇನ?” ಅಂದರು. ಅಂದು ಮಧ್ಯಾಹ್ನ ಎಲ್ಲರೂ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ನನಗೂ ನಗು ಬಂದಿತ್ತು.

ಬರಬರುತ್ತ ಕೈ ಕೂತಿತು. ಮೂರು ಮನೆ, ಐದು ಮನೆ, ಆಮೇಲೆ ಒಂದು ಇಡೀ ಪದ. ಒಮ್ಮೆ ಅವಸರ ಮಾಡಿ ಪ್ರತಿ ಮನೆಯ ಮೇಲೂ ಸ, ರಿ, ಗ ಎಂದು ಚೀಟಿ ಅಂಟಿಸಿದೆ. ಅತ್ತೆ ಬಯ್ಯಲಿಲ್ಲ. ಒದ್ದೆ ಅರಿವೆ ತಂದು ಒಂದೊಂದನ್ನೇ ಒರೆಸಿ ತೆಗೆದರು. “ಮನಿ ಬಾಗಲಕ್ಕ ಹೆಸರ ಬರದಿದ್ರ ಓದತಾರ. ಮನಿಯಾಗ ಇರೋರನ್ನ ಯಾರ ಮಾತಾಡಸ್ತಾರ?” ಅಂದರು. ಅದರ ಅರ್ಥ ಆಗ ಆಗಲಿಲ್ಲ, ಈಗಲೂ ಪೂರ್ತಿ ಆಗಿಲ್ಲ. ಆದರೆ ಮಧ್ಯಾಹ್ನ ಪಾತ್ರೆ ತೊಳೆದು ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಪೇಟಿಯ ಮುಂದೆ ಕೂತು, ನನ್ನದೇ ಎಡಗೈಯ ಗಾಳಿ ನನ್ನದೇ ಬಲಗೈಯಲ್ಲಿ ದನಿಯಾದಾಗ ಆಗುತ್ತಿದ್ದ ಸಂತೋಷಕ್ಕೆ ಇಯರ್‌ಫೋನಿನ ದಿನಗಳಲ್ಲಿ ಹೋಲಿಕೆಯಿರಲಿಲ್ಲ.

ಮುಂದಿನದಕ್ಕೆ ಬೇಕಾದ ಇನ್ನೊಂದು ಸಂಗತಿ ಹೇಳಬೇಕು. ಭಜನೆಯಲ್ಲಿ ಒಮ್ಮೊಮ್ಮೆ ಯಾರಾದರೊಬ್ಬರ ಮೈಮೇಲೆ ದೇವಿ ಬರುತ್ತಾಳೆ. ಮೈ ನಡುಗುತ್ತದೆ, ದನಿ ಬದಲಾಗುತ್ತದೆ. ಆಗ ನಮ್ಮಲ್ಲಿ ಮಾಡುವುದು ಇಷ್ಟು: ಡಗ್ಗಾದ ಓಟ ಏರಿಸುತ್ತಾರೆ, ಹಾಡುತ್ತಿದ್ದ ಸಾಲನ್ನೇ ತಿರುತಿರುಗಿ ಹಾಡುತ್ತಾರೆ, ತಂಬಿಗೆಯಲ್ಲಿ ನೀರು ತಂದು ಬಂದವಳ ಕಾಲಿಗೆ ಸುರಿದು ಅರಿಶಿನ ಕುಂಕುಮ ಹಚ್ಚುತ್ತಾರೆ. ಆಮೇಲೆ ಆಕೆಯನ್ನು ನೆಲಕ್ಕೆ ಇಳಿಸುವ ಕೆಲಸ ಪೇಟಿಯವರದು. ಪೇಟಿ ನಿಧಾನವಾದರೆ ಡಗ್ಗಾ ನಿಧಾನ, ಡಗ್ಗಾ ನಿಧಾನವಾದರೆ ಮೈ ನಿಧಾನ. ಅತ್ತೆ ಎಷ್ಟೋ ಜನರನ್ನು ಹೀಗೆ ಮೆಲ್ಲಗೆ ಕೆಳಗಿಳಿಸಿ ಕೂರಿಸಿದ್ದನ್ನು ನೋಡಿದ್ದೇನೆ. ಅವರ ಮೈಮೇಲೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಕೇಳಿದರೆ, “ನನ್ನ ಮ್ಯಾಲೆ ಬಂದ್ರ ಪೇಟಿ ಯಾರ ನುಡಸ್ತಾರ? ಆಕಿಗೂ ತಿಳೀತೈತಿ,” ಅನ್ನುತ್ತಿದ್ದರು.

ಆ ದಿನ ಶ್ರಾವಣದ ಒಂದು ಶುಕ್ರವಾರ. ಜಕ್ಕಲಿಯಿಂದ ಇನ್ನೂ ಸ್ವಲ್ಪ ಮುಂದಿರುವ ಒಂದು ಸಣ್ಣ ಊರಿನ ದೇವಿ ಗುಡಿಯವರು ನಮ್ಮ ಓಣಿಯ ಭಜನೆಯನ್ನು ಕರೆದಿದ್ದರು. ಮಧ್ಯಾಹ್ನ ಮಳೆ ಬಿದ್ದು ಗುಡಿಯ ಅಂಗಳದ ಕಲ್ಲುಹಾಸು ತೊಯ್ದಿತ್ತು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನೆ, ಎರಡೂ ತಳದಿಂದ ನೀರು ಹೀರಿದ್ದವು. ನಮ್ಮ ಮುಂದೆ ಕಬ್ಬಿಣದ ಸ್ಟ್ಯಾಂಡಿನ ಒಂದು ಮೈಕು. ಅದರ ಆಂಪ್ಲಿಫೈಯರ್ ಡಬ್ಬಿಯ ವೈರು ಗೋಡೆಯ ಸಾಕೆಟ್ಟಿನವರೆಗೆ ಹೋಗಿತ್ತು. ಪ್ಲಗ್ಗು ಇರಲಿಲ್ಲ. ವೈರಿನ ಎರಡು ಬರೀ ತುದಿಗಳನ್ನು ಸಾಕೆಟ್ಟಿನ ತೂತಿನಲ್ಲಿಟ್ಟು ಬೆಂಕಿಕಡ್ಡಿ ಸಿಕ್ಕಿಸಿದ್ದರು. ನಾನು ಅದನ್ನು ನೋಡಿದೆ. ಎಲ್ಲರೂ ನೋಡಿದರು. ನಮ್ಮ ಮನೆಯ ಮಿಕ್ಸರಿನ ಪ್ಲಗ್ಗು ಒಡೆದಾಗ ನಾವೂ ಹಾಗೇ ಹಚ್ಚಿದ್ದೆವು. ಅಲ್ಲಿ ವಿಶೇಷವೇನೂ ಕಾಣಲಿಲ್ಲ.

ಅತ್ತೆಗೆ ಒಂದು ರೂಢಿ. ಸಾಲು ಮುಗಿದು ಮೇಲಿನ ದನಿಗೆ ಹೋಗುವ ಮುಂಚೆ ಎಡಗೈಯನ್ನು ತಿದಿಯಿಂದ ತೆಗೆದು ಮೈಕಿನ ಸ್ಟ್ಯಾಂಡನ್ನು ಒಂದಿಷ್ಟು ಹತ್ತಿರ ಎಳೆದುಕೊಳ್ಳುವುದು, ಮತ್ತೆ ಕೈ ತಿದಿಗೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಕೊನೆಯ ಪದದಲ್ಲೂ ಹಾಗೇ ಕೈ ಹೋಯಿತು. ವಾಪಸ್ಸು ಬರಲಿಲ್ಲ.

ದನಿ ನಡುಗಿತು. ದೊಡ್ಡವ್ವನಿಗೆ ಉಮೇದು ಬಂದು ಡಗ್ಗಾ ಏರಿಸಿದರು. ಹಿಂದಿನ ಹೆಂಗಸರು ಆ ಸಾಲನ್ನೇ ಹಿಡಿದು ತಿರುತಿರುಗಿ ಹಾಡಿದರು. “ತಾಯಿ ಬಂದ್ಲು,” ಎಂದು ಯಾರೋ ಅಂದರು. ನನ್ನ ತಾಳವೂ ಓಡುತ್ತಿತ್ತು. ನಿಧಾನ ಮಾಡಬೇಕಾದವರು ಪೇಟಿಯವರು, ಆ ಪೇಟಿಯವರ ಮೇಲೆಯೇ ಬಂದಿದೆ ಅಂದಮೇಲೆ ನಿಲ್ಲಿಸುವವರು ಯಾರೂ ಇರಲಿಲ್ಲ. ಎಲ್ಲವೂ ಮೇಲೆ ಮೇಲೆ ಹೋಯಿತು.

ಗುಡಿಯ ಒಳಗಿನಿಂದ ಒಬ್ಬ ಅಜ್ಜಿ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದಳು. ಎರಡು ಕೈಯಲ್ಲಿ ಹಿಡಿದುಕೊಂಡು, ತುಳುಕದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತ, ಅತ್ತೆಯ ಕಾಲಿಗೆ ಹಾಕಲು ಬರುತ್ತಿದ್ದಳು.

ಇಲ್ಲಿಂದ ಮುಂದೆ ನನ್ನ ನೆನಪು ಪ್ರತಿ ಸಲವೂ ಬೇರೆ. ಒಂದು ಸಲ ನಾನು ಮೊದಲು ಕೇಳಿಸಿಕೊಂಡದ್ದು ಪೇಟಿಯನ್ನು: ಗಾಳಿ ಮುಗಿದು ಅದರ ದನಿ ಕುಸಿಯುತ್ತಿತ್ತು, ಅತ್ತೆಯ ದನಿ ಮಾತ್ರ ಕುಸಿಯಲಿಲ್ಲ. ಇನ್ನೊಂದು ಸಲ ಮೊದಲು ನೋಡಿದ್ದು ಸ್ಟ್ಯಾಂಡು ಹಿಡಿದ ಕೈಯನ್ನು: ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಮತ್ತೊಂದು ಸಲ ಕಣ್ಣು. ದೇವಿ ಬಂದವರ ಕಣ್ಣು ಮೇಲೆ ಸಿಕ್ಕಿರುತ್ತದೆ. ಅತ್ತೆಯ ಕಣ್ಣು ನೆಟ್ಟಗೆ ತಂಬಿಗೆಯನ್ನೇ ನೋಡುತ್ತಿತ್ತು. ಈ ಮೂರರಲ್ಲಿ ನನ್ನನ್ನು ಎಬ್ಬಿಸಿದ್ದು ಯಾವುದು ಎಂದು ಕೇಳಿದರೆ ಹೇಳಲಾರೆ. ಎದ್ದದ್ದು ಖರೆ. ತಂಬಿಗೆಗೆ ನನ್ನ ಕೈ ಬಡಿದು ಅದು ದೂರ ಹೋಗಿ ಬಿದ್ದದ್ದು ಖರೆ, ಅದರ ಸದ್ದು ಚೆನ್ನಾಗಿ ನೆನಪಿದೆ. ಆಮೇಲೆ ಅತ್ತೆ ಮಗ್ಗುಲಾಗಿ ಬಿದ್ದಿದ್ದರು, ಪೇಟಿ ಅಂಗಾತ ಉರುಳಿತ್ತು, ಸಾಕೆಟ್ಟಿನಲ್ಲಿ ವೈರು ಇರಲಿಲ್ಲ.

ವೈರು ಕಿತ್ತದ್ದು ಯಾರು? ನಾನೇ ಅಂತ ದೊಡ್ಡವ್ವ ಓಣಿಯಲ್ಲೆಲ್ಲ ಹೇಳಿದ್ದಾರೆ. ತಾನು ಬೆಚ್ಚಿ ಹಿಂದೆ ಸರಿದಾಗ ಕಾಲಿಗೆ ತೊಡರಿ ಬಂತು ಎಂದು ಅಜ್ಜಿ ಹೇಳುತ್ತಾಳೆ. ಅದಕ್ಕೂ ಮುಂಚೆಯೇ ಊರ ಕರೆಂಟೇ ಹೋಗಿತ್ತು, ಗುಡಿಯ ದೀಪವೂ ಆರಿತ್ತು ಎನ್ನುತ್ತಾನೆ ಮೈಕಿನವನು. ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರಂತೆ. ನನ್ನ ಗಂಡ ಮರುದಿನವೇ ಹೋಗಿ, ತಾಯಿಯ ಆ ಸ್ಥಿತಿಯನ್ನು ಊರು ನೋಡುವುದು ಬೇಡ ಎಂದು ಕೈಮುಗಿದು ಅಳಿಸಿ ಬಂದರು. ಒಳ್ಳೆಯದೇ ಮಾಡಿದರು. ಆದರೆ ಆ ದೃಶ್ಯ ಈಗ ನನ್ನ ತಲೆಯಲ್ಲಿ ಮಾತ್ರ ಇದೆ, ಅಲ್ಲಿ ಅದು ಒಂದೇ ಥರ ಓಡುವುದಿಲ್ಲ.

ಟಂಟಂ ಆಟೊದಲ್ಲಿ ಮಲಗಿಸಿಕೊಂಡು ರೋಣದ ದವಾಖಾನೆಗೆ ಕರೆದೊಯ್ದೆವು. ದಾರಿಯಲ್ಲಿ ಅತ್ತೆ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ಪೇಟಿ ಎಲ್ಲೈತಿ?”

“ದೊಡ್ಡವ್ವನ ತೊಡಿಮ್ಯಾಲ ಐತ್ರಿ.”

“ಆಕಿ ತೊಡಿಮ್ಯಾಲನ? ಮುರದಹೋತ ಬಿಡು,” ಅಂದರು. ದೊಡ್ಡವ್ವ ಅಳುತ್ತಿದ್ದವರು ಅಳುತ್ತಲೇ ನಕ್ಕರು.

ಹೃದಯಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಇಸಿಜಿ ಪಟ್ಟಿ ತೆಗೆದು ನೋಡಿ ಹೇಳಿದರು. ಎಡ ಅಂಗೈ ಸುಟ್ಟಿತ್ತು. ಎಡಗೈಯ ಬೆರಳುಗಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ತಿರುಗಿ ಬರಬಹುದು, ತಿಂಗಳುಗಳೇ ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದರು. ಅತ್ತೆ ಆ ಕೈಯನ್ನು ಬೇರೆ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದರು.

ಆಮೇಲೆ ಅತ್ತೆಗೂ ನನಗೂ ನಿದ್ದೆ ಇಲ್ಲ. ನನಗೆ ಕಣ್ಣು ಮುಚ್ಚಿದರೆ ತಂಬಿಗೆ ಬರುತ್ತಿತ್ತು. ಅದೂ ಸಾಲದೆಂದು ಹಗಲು ಕೂಡ ಕೆಟ್ಟಿತು. ಕುಕ್ಕರು ಸೀಟಿ ಹೊಡೆದು ಇಳಿಯುವಾಗಿನ ಸದ್ದಿಗೆ ಕೈಯಲ್ಲಿದ್ದುದನ್ನು ಬಿಟ್ಟುಬಿಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಿಂದ ಹಾಡು ಬಂದು, ಹಾಡುವವರು ದನಿಯನ್ನು ಕೊಂಚ ಅಲುಗಿಸಿದರೆ ಸಾಕು, ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಇವರು ಹಾಡುತ್ತಿದ್ದಾರೋ, ಇವರಿಗೆ ಏನೋ ಆಗುತ್ತಿದೆಯೋ? ಇಷ್ಟು ದಿನ ನಾನು ಹಾಡೆಂದು ಕೇಳಿ ಖುಷಿಪಟ್ಟದ್ದರಲ್ಲಿ ಯಾವುದು ಯಾವುದೋ? ಯಾರನ್ನು ಕೇಳುವುದೆಂದು ಗೊತ್ತಾಗಲಿಲ್ಲ. ನನ್ನ ಗಂಡನನ್ನು ಕೇಳಿದೆ. ಅವರು, “ನೀ ಒಂದಿಷ್ಟ ದಿನ ಹಾಡ ಕೇಳಬ್ಯಾಡ,” ಅಂದರು.

ಆ ಗುಡಿಯ ಅಜ್ಜಿ ತೆಂಗಿನಕಾಯಿ, ಹೂವು ಹಿಡಿದುಕೊಂಡು ಅತ್ತೆಯನ್ನು ನೋಡಲು ಬಂದಳು. ಮೊದಲು ನನ್ನತ್ತ ತಿರುಗಿ, “ನೀ ತಂಬಿಗಿ ಬಡದಿ ಅಂತ ನಮಗೇನ ಸಿಟ್ಟಿಲ್ಲವಾ. ಸಣ್ಣಾಕಿ, ತಿಳೀಲಿಲ್ಲ,” ಅಂದಳು. ಆಮೇಲೆ ಅತ್ತೆಯ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: “ಏನಂದ್ಲಬೇ ತಾಯಿ ನಿನ್ನ ಮುಂದ?”

ಅತ್ತೆ ಒಂದು ಚಟಾಕಿ ಹಾರಿಸುತ್ತಾರೆ ಎಂದು ಕಾದೆ. ಅವರು, “ನನಗೇನೂ ಗೊತ್ತಿಲ್ಲ ಯವ್ವಾ,” ಅಂದರು. ಕಾಯಿ ತೆಗೆದುಕೊಂಡು ಪಕ್ಕಕ್ಕಿಟ್ಟರು. ನಾನು ಆಕೆಯನ್ನು ಬಾಗಿಲವರೆಗೆ ಕಳಿಸಿ ಬಂದೆ.

“ಬಾ ಇಲ್ಲೆ,” ಎಂದು ಆಮೇಲೆ ಕರೆದರು. “ನೀ ಬಾಜೂಕ ಕುಂತಿದ್ದಿ. ಖರೇ ಹೇಳು. ನನ್ನ ದನಿ ಹ್ಯಾಂಗಿತ್ತ?”

“ಯಾವಾಗ್ರಿ?”

“ಆವಾಗ. ನನ್ನ ಕಿವಿಗೆ ಏನೂ ಬರಲಿಲ್ಲ. ಬಾಯಿ ತಗದಿತ್ತು, ಅಷ್ಟ ಗೊತ್ತು. ಅದು ಹಾಡಾಗಿ ಬಂತೋ, ಚೀರಿದ್ನೋ?”

ಸುಳ್ಳು ಹೇಳಬಹುದಿತ್ತು. ಯಾವ ಸುಳ್ಳು ಅವರಿಗೆ ಒಳ್ಳೆಯದು ಎನ್ನುವುದೇ ತಿಳಿಯಲಿಲ್ಲ. “ಹಾಡಾಗಿ ಬಂತ್ರಿ,” ಅಂದೆ.

“ಚಲೋ ಇತ್ತೇನ?”

“ಚಲೋ ಇತ್ರಿ.”

ಅವರು ತಲೆಯಾಡಿಸಿದರು. “ದೊಡ್ಡವ್ವನೂ ಹಂಗ ಅಂದ್ಲು. ಯಾವತ್ತೂ ಅಷ್ಟ ಚಲೋ ಹಾಡಿರಲಿಲ್ಲ ಅಂತ.” ಸುಟ್ಟ ಕೈಯ ಪಟ್ಟಿಯನ್ನು ಇನ್ನೊಂದು ಕೈಯಿಂದ ನೇವರಿಸಿದರು. “ಹಂಗಾರ ಇಷ್ಟ ವರ್ಷ ನಾ ಹಾಡಿದ್ದು?”

ಅಂದೇ ಅವರು ಪೇಟಿಯನ್ನು ಸೀರೆಯಲ್ಲಿ ಸುತ್ತಿಸಿ ಮೂಲೆಗಿಡಿಸಿದರು. ಶುಕ್ರವಾರದ ಭಜನೆ ಎದುರು ಮನೆಗೆ ಹೋಯಿತು, ಪೇಟಿ ಇಲ್ಲದೆ. ರಾಟೆಯನ್ನು ಬಲಗೈಯಿಂದ ತಿರುಗಿಸುತ್ತಿದ್ದರು, ನೂಲು ಹಿಡಿಯಲು ನಾನು ಕೂರುತ್ತಿದ್ದೆ. ಗುನುಗು ನಿಂತುಹೋಗಿತ್ತು. ಡಾಕ್ಟರು ಬೆರಳಿನ ಬಗ್ಗೆ ಹೇಳಿದ್ದಕ್ಕಿಂತ ಇದು ದೊಡ್ಡ ಪೆಟ್ಟು ಎಂದು ನನಗೆ ಅನಿಸಿತು. ಕೈ ಬಂದರೂ ಅವರು ಹಾಡುವುದಿಲ್ಲವೇನೋ ಎಂದು ಹೆದರಿಕೆಯಾಯಿತು. ಹಾಡು ಶುರುವಾದರೆ ನಾನು ತಡೆದುಕೊಳ್ಳುತ್ತೇನೋ ಇಲ್ಲವೋ, ಅದೂ ತಿಳಿಯದು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಅತ್ತೆ ಎದುರು ಮನೆಗೆ ಹೋದದ್ದು ನೋಡಿ ನಾನೇ ಪೇಟಿ ಬಿಚ್ಚಿದೆ. ಧೈರ್ಯದಿಂದಲ್ಲ. ಆ ಇಳಿಯುವ ದನಿಯನ್ನು ನನ್ನ ಕೈಯಿಂದಲೇ ಒಮ್ಮೆ ಮಾಡಿ ನೋಡಬೇಕು ಎನ್ನುವ ಒಂದು ಹುಚ್ಚು. ಗಾಳಿ ತುಂಬಿ, ಮನೆ ಒತ್ತಿ ಹಿಡಿದು, ತಿದಿಯಿಂದ ಕೈ ತೆಗೆದೆ. ದನಿ ಇಳಿಯಿತು. ಮತ್ತೆ ಮಾಡಿದೆ. ಪೇಟಿಯ ಜೊತೆ ದನಿ ಕೂಡಿಸಿ ನೋಡಿದೆ, ಆ ದಿನ ಅವರು ನಿಂತ ಜಾಗಕ್ಕೇ ಏರಿ ನಿಂತೆ. ಹೆದರಿಕೆಗೆ ನನ್ನ ದನಿ ತಾನೇ ತಾನಾಗಿ ನಡುಗಿತು.

“ಯಾಕ ನಡಗಸ್ತಿ ಅದನ್ನ?”

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ.

“ನಾ ನಡಗಸಾಕತ್ತಿಲ್ರಿ. ಅದ ನಡಗತೈತಿ.”

“ನೆಟ್ಟಗ ನಿಲ್ಲಸು.”

“ಬರವಲ್ದರಿ ಅತ್ತಿ.”

“ನಿಲ್ಲೂದ ಬರಲಾರದ್ದಕ್ಕ ನಡಗತೈತಿ. ಇದರಾಗೇನ ಚಂದ ಐತಿ?” ಎಂದು ಬಯ್ಯುತ್ತಲೇ ಬಂದು ಎದುರಿಗೆ ಕೂತರು. ಪೇಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಎಡಗೈಯನ್ನು ಬಲಗೈಯಿಂದ ಎತ್ತಿ ತಿದಿಯ ಮೇಲೆ ಇಟ್ಟರು, ಅದು ಅಲ್ಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡರು. ಒತ್ತಿದರು. ಬೆರಳಿಗೆ ತಿಳಿಯದ ತಿದಿ ಒಮ್ಮೆ ಪೂರ್ತಿ ಮುಚ್ಚಿತು, ಒಮ್ಮೆ ಜಾರಿತು. ಪೇಟಿ ಬಿಕ್ಕಿತು. ನಾನು ಅವರ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತ ಕೂತೆ.

“ಥೂ, ಹರಾಮಿ ಕೈ,” ಎಂದು ಅತ್ತೆ ಕೈಗೆ ಬಯ್ದರು. ಮತ್ತೆ ಎತ್ತಿಟ್ಟರು.

ಅಂದಿನಿಂದ ದಿನಾ ಮಧ್ಯಾಹ್ನ ಇದೇ. ಕೈಗೆ ಬೈಗುಳ, ಪೇಟಿಯ ಬಿಕ್ಕು, ಅದರ ಮೇಲೆ ಅವರ ದನಿ. ಮೊದಮೊದಲು ಪೇಟಿ ಅಲುಗಿದ ಹಾಗೆ ದನಿಯೂ ಅಲುಗುತ್ತಿತ್ತು, ಆಗ ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದೆ. ಅತ್ತೆ ಅದನ್ನು ಗಮನಿಸಿದರು. ಆಮೇಲೆ ಪೇಟಿ ಎಷ್ಟು ಬಿಕ್ಕಿದರೂ ದನಿಯನ್ನು ಅದರಿಂದ ಬಿಡಿಸಿಕೊಂಡು ನೆಟ್ಟಗೆ ಒಯ್ಯಲು ನೋಡಿದರು. ಒಂದು ದಿನ ಆಗುತ್ತಿತ್ತು, ಮರುದಿನ ಆಗುತ್ತಿರಲಿಲ್ಲ. ಬೆರಳಿನ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತದೆ ಎಂದು ಒಮ್ಮೆ ಹೇಳಿದರು. ಅದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ಇಬ್ಬರಿಗೂ ತಿಳಿಯಲಿಲ್ಲ.

ದೀಪಾವಳಿಯ ಮುಂಚಿನ ಒಂದು ಮಧ್ಯಾಹ್ನ ದೊಡ್ಡವ್ವ ಡಗ್ಗಾ ಸಮೇತ ಬಂದು ಕೂತರು. ಮೈಕು ಇಲ್ಲ, ಜನ ಇಲ್ಲ, ಮೂವರೇ. ಅತ್ತೆ ಯಾವುದೋ ಪದ ಎತ್ತಿಕೊಂಡು ಹಾಡುತ್ತ ಹೋದರು. ಮೇಲಿನ ದನಿಗೆ ಹೋಗುವ ಮುಂಚೆ ದೊಡ್ಡವ್ವನ ಕಣ್ಣು ನನ್ನ ಕಡೆ ಬಂತು. ನನ್ನ ಕೈಯ ತಾಳ ನಿಂತಿತ್ತು. ಅತ್ತೆ ಏರಿದರು. ನಿಂತರು. ದನಿ ಕೊಂಚ ಒರಟಾಗಿತ್ತು, ಹಿಂದಿನಷ್ಟು ಎತ್ತರವೂ ಇರಲಿಲ್ಲ. ತುದಿಯಲ್ಲಿ ಒಂದು ಸಲ ಅಲುಗಿತು, ಮತ್ತೆ ಅವರೇ ಅದನ್ನು ಹಿಡಿದು ನಿಲ್ಲಿಸಿದರು. ಉಸಿರು ಮುಗಿಯುವವರೆಗೆ ಇದ್ದು, ಉಸಿರು ಮುಗಿದದ್ದರಿಂದ ಮುಗಿಯಿತು. ಆಗ ನನ್ನ ಗಮನಕ್ಕೆ ಬಂತು: ನಾನು ಅವರ ಎಡಗೈಯನ್ನು ನೋಡಿಯೇ ಇರಲಿಲ್ಲ. ಕೇಳುತ್ತಿದ್ದೆ, ಅಷ್ಟೇ.

“ಹ್ಯಾಂಗಿತ್ತ?” ಎಂದು ಅತ್ತೆ ಕೇಳಿದರು. ದೊಡ್ಡವ್ವನನ್ನಲ್ಲ, ನನ್ನನ್ನು.

“ನಿಮ್ಮಂಗ ಇತ್ರಿ,” ಅಂದೆ.

“ಚಲೋನೋ ಕೆಟ್ಟೋ?”

“ಅದು ಗೊತ್ತಾಗಲಿಲ್ರಿ. ನಿಮ್ದ ಅಂತ ಗೊತ್ತಾತು.”

ಅತ್ತೆ ನನ್ನನ್ನೇ ನೋಡಿದರು. “ಓದಿದಾಕಿ ನೋಡಬೇ. ಒಂದ ಮಾತ ಕೇಳಿದ್ರ ಎರಡ ಉತ್ತರಾ,” ಎಂದು ದೊಡ್ಡವ್ವನಿಗೆ ಹೇಳಿ ಚಹಾ ಇಡಲು ನನ್ನನ್ನು ಅಟ್ಟಿದರು. ನಾನು ಒಳಗೆ ಸಕ್ಕರೆ ಡಬ್ಬಿ ಹುಡುಕುತ್ತಿರುವಾಗ ಪಡಸಾಲೆಯಲ್ಲಿ ಅವರು ಅದೇ ಸಾಲನ್ನು ಮತ್ತೆ ಎತ್ತಿದರು, ಈ ಸಲ ಎಲ್ಲೋ ತಪ್ಪಿ, ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ನಿಲ್ಲಿಸಿದರು.

ಅಂದು ಮಲಗಿದ್ದು ಗೊತ್ತು. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿತ್ತು, ಕಾಯಿಪಲ್ಲೆಯವಳು ಕೂಗಿ ಮುಂದೆ ಹೋಗಿದ್ದಳು. ನನ್ನ ಗಂಡ ತಾವೇ ಚಹಾ ಮಾಡಿಕೊಂಡು ಕುಡಿಯುತ್ತ ಕೂತಿದ್ದರು. “ಎಬ್ಬಸಬಾರದೇನ್ರಿ?” ಅಂದೆ. ಅವರು ಪಡಸಾಲೆಯ ಕಡೆ ತೋರಿಸಿದರು. ಅತ್ತೆ ಬಾಯಿ ತೆರೆದುಕೊಂಡು, ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಗೊರಕೆ ಹೊಡೆಯುತ್ತ ಇನ್ನೂ ಗಾಢ ನಿದ್ದೆಯಲ್ಲಿದ್ದರು.